ನಾಲ್ಕು ದಿನ ಮುಂಚೆ ಬೆಂದ ಆಶುರೆ

ಊರಿನವರು ಅವಳನ್ನು ‘ನೀರಿನ ಷೆಹ್ರಿಬಾನ್’ ಎಂದು ಕರೆಯುತ್ತಿದ್ದರು. ಹೊಗಳಿ ಇಟ್ಟ ಹೆಸರು ಅದು. ಆದರೆ ಅದನ್ನು ಕೇಳಿದಾಗಲೆಲ್ಲ ಷೆಹ್ರಿಬಾನಳಿಗೆ ಯಾರೋ ಹಿಂದಿನಿಂದ ಬಂದು ಬೆನ್ನ ಮೇಲೆ ಒದ್ದೆ ಅಂಗೈ ಇಟ್ಟಂತಾಗುತ್ತಿತ್ತು.

ಹೆಸರು ಬಂದದ್ದು ಹೀಗೆ. ಪ್ರತಿ ವರ್ಷ ಮೊಹರಮ್ಮಿನ ಹನ್ನೆರಡು ದಿನದ ಉಪವಾಸ ಮುಗಿದು, ಅವಳ ಅಂಗಳದ ದೊಡ್ಡ ಕೊಪ್ಪರಿಗೆಯಲ್ಲಿ ಊರಿಗೆಲ್ಲ ಆಶುರೆ, ಗೋಧಿ ಕಾಳು ಒಣಹಣ್ಣುಗಳ ಸಿಹಿಗಂಜಿ, ಬೆಂದ ಮೇಲೆ, ಮೊದಲ ಬಟ್ಟಲನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಒಂದು ಕೈಯಲ್ಲಿ ಆ ಬಟ್ಟಲು, ಇನ್ನೊಂದು ಕೈಯಲ್ಲಿ ತುಂಬಿದ ಹೂಜಿ ಹಿಡಿದು ಗುಡ್ಡ ಇಳಿದು, ಫರಾತ್ ನದಿಯ ಅಣೆಕಟ್ಟಿನ ಹಿನ್ನೀರಿನ ಅಂಚಿಗೆ ಹೋಗುತ್ತಿದ್ದಳು. ಬಟ್ಟಲನ್ನು ಕಲ್ಲಿನ ಮೇಲಿಟ್ಟು ಹೂಜಿಯ ನೀರನ್ನು ಆ ನೀರಿಗೇ ಸುರಿದು ಬರುತ್ತಿದ್ದಳು. ಮೊದಮೊದಲು ಜನ ನಕ್ಕರು. “ನೋಡ್ರೇ, ಫರಾತ್ ನದಿಗೇ ನೀರು ಕುಡಿಸೋಕೆ ಹೊರಟ್ಲು!” ಎಂದು ಹೆಂಗಸರು ಸೆರಗಿನ ಮರೆಯಲ್ಲಿ ಕಿಸಕ್ಕೆಂದರು. ಆದರೆ ಒಂದು ವರ್ಷ ಊರಿನ ಗುರುಹಿರಿಯ ಅಲಿ ರಿಜಾ ದೆದೆ, ಎಲ್ಲರೂ ಕೂತಿದ್ದಾಗ, ಕಣ್ಣೊರೆಸಿಕೊಂಡು ಹೇಳಿದ: “ಹುಸೇನರು ನೀರಿಲ್ಲದೆ ಪ್ರಾಣ ಬಿಟ್ಟಿದ್ದು ಇದೇ ನದಿ ದಡದಲ್ಲಿ, ಕೆಳಗೆ, ದೂರದಲ್ಲಿ. ಈ ಹೆಣ್ಣುಮಗಳು ಮೇಲಿಂದ ಅವರಿಗೆ ನೀರು ಕಳಿಸ್ತಿದಾಳೆ. ನಮಗ್ಯಾರಿಗೂ ಹೊಳೀಲಿಲ್ಲವಲ್ಲ.”

ಅಲ್ಲಿಂದಾಚೆಗೆ ಎಲ್ಲ ಮನೆಯ ಹೆಂಗಸರೂ ಹೂಜಿ ಹಿಡಿದು ಗುಡ್ಡ ಇಳಿಯತೊಡಗಿದರು. ಈಗ ಆ ದಿನ ನಲವತ್ತು ಹೂಜಿ ಸಾಲಾಗಿ ಹೋಗುತ್ತವೆ. ಅದು ಹಿಂದಿನ ಕಾಲದಿಂದ ಬಂದ ಪದ್ಧತಿ ಎಂದೇ ಚಿಕ್ಕವರು ತಿಳಿದಿದ್ದಾರೆ. ಆ ನೀರು ಯಾರಿಗೆ ಎಂಬುದು ಷೆಹ್ರಿಬಾನಳಿಗೆ ಮಾತ್ರ ಗೊತ್ತಿತ್ತು.

ಐವತ್ತೈದು ವರ್ಷದ ಹಿಂದಿನ ಮಾತು. ಹಿನ್ನೀರು ಇನ್ನೂ ಬಂದಿರಲಿಲ್ಲ. ಹಳೆಯ ಊರು ಕೆಳಗೆ ನದಿಯ ಪಕ್ಕದಲ್ಲಿ, ಹಿಪ್ಪುನೇರಳೆ ಮರಗಳ ನಡುವೆ ಇತ್ತು. ಆ ವರ್ಷ ಮೊಹರಂ ಗೋಧಿ ಕೊಯ್ಲಿನ ಉರಿಬಿಸಿಲಿಗೆ ಬಂದಿತ್ತು. ಷೆಹ್ರಿಬಾನಳಿಗೆ ಒಂಬತ್ತು ವರ್ಷ. ಅವಳ ಮೊದಲ ಉಪವಾಸ. ಹಗಲು ಏನೂ ತಿನ್ನುವಂತಿಲ್ಲ. ಸಂಜೆ ಊಟ ಮಾಡಬಹುದು, ಮಜ್ಜಿಗೆಯನ್ನೋ ಹಣ್ಣಿನ ರಸವನ್ನೋ ಕುಡಿಯಬಹುದು. ಬರಿಯ ನೀರು ಮಾತ್ರ ಹನ್ನೆರಡು ದಿನವೂ ಗಂಟಲಿಗಿಳಿಯಬಾರದು. ಮನೆಮನೆಯಲ್ಲೂ ಹೂಜಿಯ ಮೇಲೆ ಕರಿಬಟ್ಟೆ. ಮಕ್ಕಳಿಗೂ ಕಾಯಿಲೆಯವರಿಗೂ ಈ ಕಟ್ಟು ಇಲ್ಲವೆಂಬುದು ದೊಡ್ಡವರಿಗೆಲ್ಲ ಗೊತ್ತು. ಎಲ್ಲರಿಗೂ ಗೊತ್ತಿದ್ದ ಮಾತಾದ್ದರಿಂದ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ತಮ್ಮ ಜಾಫೆರನಿಗೆ ನಾಲ್ಕು ವರ್ಷ. ಅವನಿಗೆ ಎರಡು ದಿನದಿಂದ ಜ್ವರ. ತಾಯಿ ಸೆನೆಮ್ ಕುಡುಗೋಲು ಹಿಡಿದು ಹೊಲಕ್ಕೆ ಹೊರಟಾಗ, “ತಮ್ಮನ್ನ ನೋಡ್ಕೋ” ಎಂದಳು, ಅಷ್ಟೇ. ಹಿಂದಿನ ಸಂಜೆ ಆಗಿನ ದೆದೆ ಕರ್ಬಲಾದ ಆರು ತಿಂಗಳ ಕೂಸಿನ ಕಥೆ ಹೇಳಿದ್ದ. ನೀರಿಲ್ಲದೆ ಒಣಗಿದ ನಾಲಿಗೆಯಲ್ಲೇ ಅಪ್ಪನ ಕೈಯಲ್ಲಿ ಸತ್ತ ಕೂಸು. ಕೂತವರೆಲ್ಲ ಅತ್ತಿದ್ದರು, ಎಲ್ಲರಿಗಿಂತ ಹೆಚ್ಚು ಅತ್ತವಳು ಷೆಹ್ರಿಬಾನ್. ಮಾರನೆಯ ದಿನ ಹೊತ್ತೇರಿ ಜಾಫೆರ್ ನೀರು ಕೇಳಿದಾಗ ಅವಳು ದೊಡ್ಡವರ ದನಿ ತೆಗೆದು ಹೇಳಿದಳು: “ಆರು ತಿಂಗಳ ಪಾಪು ತಡ್ಕೊಂಡಿತ್ತಂತೆ. ನಿಂಗೆ ನಾಲ್ಕು ವರ್ಷ. ನಾಚ್ಕೆ ಆಗಲ್ವಾ?” ಚಿಕ್ಕವನೆಂದು ತಿನ್ನುವುದಕ್ಕೆ ಮಾತ್ರ ಬಿಟ್ಟು, ಅವನ ಬಾಯಿಗೆ ಒಂದು ಒಣ ಹಿಪ್ಪುನೇರಳೆ ಹಣ್ಣು ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಅವನು ಮತ್ತೆ ಕೇಳಿದ. ಮಧ್ಯಾಹ್ನದ ತನಕ ಕೇಳಿದ. ಆಮೇಲೆ ಕೇಳಲಿಲ್ಲ. ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವನ ಪಕ್ಕ ಕೂತು ಗಾಳಿ ಹಾಕುತ್ತ, ಅಮ್ಮ ಬಂದ ಕೂಡಲೇ ಹೇಳಬೇಕಾದ ಮಾತನ್ನು ಜೋಡಿಸಿ ಇಟ್ಟುಕೊಂಡಳು: ಅಮ್ಮಾ, ಜಾಫೆರನೂ ಉಪವಾಸ ಮಾಡಿದ.

ಆ ಮಾತು ಹೇಳುವ ಹೊತ್ತು ಬರಲಿಲ್ಲ. ಸೆನೆಮ್ ಬಂದು ಮಗುವನ್ನು ಎತ್ತಿಕೊಂಡು, ಅವನ ತಣ್ಣಗಾದ ತುಟಿ ಮುಟ್ಟಿ, ತಲೆಯೆತ್ತಿ ಮಗಳನ್ನು ಕೇಳಿದಳು: “ನೀರು ಕೇಳಿದ್ನೇನೇ?”

“ಇಲ್ಲಮ್ಮ,” ಎಂದಳು ಷೆಹ್ರಿಬಾನ್. “ಕೇಳ್ಲೇ ಇಲ್ಲ.”

ಜ್ವರ ಅವನನ್ನು ಕೊಂಡೊಯ್ದಿತೋ, ನೀರಡಿಕೆಯೋ, ಹೇಳುವವರು ಯಾರು? ಮಾರನೆಯ ಬೆಳಗ್ಗೆ ಅವನನ್ನು ಊರಿನ ಕೆಳಗೆ, ನದಿಯಂಚಿನ ದಿಬ್ಬದಲ್ಲಿ ಮಣ್ಣು ಮಾಡಿದರು.

ಅವಳ ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಅದು ಸೆನೆಮ್‌ಳ ಎದೆಯಲ್ಲಿ ಬೇರು ಬಿಟ್ಟು ಬೇರೊಂದು ಗಿಡವಾಗಿ ಬೆಳೆಯಿತು. “ನನ್ನ ಕಂದ ನೀರು ಕೇಳ್ಲೇ ಇಲ್ಲ. ಹೂಜಿ ಮೇಲೆ ಕರಿಬಟ್ಟೆ ನೋಡಿ ತಾನೇ ತಿಳ್ಕೊಂಡ. ಹುಸೇನರ ಜೊತೆ ಹೋದ,” ಎಂದು ಅವಳು ಪ್ರತಿ ಮೊಹರಮ್ಮಿನಲ್ಲೂ ಹೇಳುತ್ತಿದ್ದಳು. ಕೇಳಿದವರು ಅವಳ ಕೈಗೆ ಮುತ್ತಿಡುತ್ತಿದ್ದರು. ಹದಿನಾಲ್ಕು ವರ್ಷದ ಮೇಲೆ ಅಣೆಕಟ್ಟಿನ ನೀರು ಏರತೊಡಗಿದಾಗ, ಊರವರು ತಮ್ಮ ತಮ್ಮ ಸತ್ತವರ ಮೂಳೆಗಳನ್ನು ಚೀಲದಲ್ಲಿ ಕಟ್ಟಿ ಗುಡ್ಡದ ಮೇಲಿನ ಹೊಸ ಊರಿಗೆ ಹೊತ್ತರು. ಸೆನೆಮ್ ಮಾತ್ರ ಒಪ್ಪಲಿಲ್ಲ. “ಬಾಯಿಬಿಟ್ಟು ಕೇಳದ ಮಗು ಅದು. ಈಗ ನೀರೇ ಅವನ ಹತ್ರ ನಡ್ಕೊಂಡು ಬರ್ತಿದೆ. ಬರ್ಲಿ ಬಿಡಿ,” ಎಂದಳು. ಆಗ ಷೆಹ್ರಿಬಾನಳಿಗೆ ಇಪ್ಪತ್ತಮೂರು. ಅವಳು ಹೊಸ ಊರಿನ ಅಂಗಳದಲ್ಲಿ ನಿಂತು, ದಿಬ್ಬದ ಸುತ್ತ ನೀರು ಕೂಡುವುದನ್ನು ಒಂದೊಂದು ದಿನವೂ ನೋಡಿದಳು. ಬಾಯಿ ತೆರೆಯಲಿಲ್ಲ.

ಅವಳ ಗಂಡ ಹೈದರ್ ಹಿನ್ನೀರಿನಲ್ಲಿ ದೋಣಿ ನಡೆಸುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಆ ದೋಣಿಗೆ ಒಂದು ಸಲವೂ ಕಾಲಿಡಲಿಲ್ಲ. “ಊರಿಗೆಲ್ಲ ಇವಳು ನೀರಿನ ಷೆಹ್ರಿಬಾನು, ನನ್ನ ದೋಣಿ ಹತ್ತು ಅಂದ್ರೆ ಬೆಕ್ಕಿನ ಹಾಗೆ ಓಡ್ತಾಳೆ,” ಎಂದು ಅವನು ನಗುತ್ತಿದ್ದ. ಅವನಿಗೂ ಅವಳು ಹೇಳಲಿಲ್ಲ. ಅವನು ಹೇಳಿಸಿಕೊಳ್ಳದೆಯೇ ಸತ್ತ. ಮಗಳು ಹುಟ್ಟಿದ ಮೇಲೆ ಮನೆಯ ಮೂಲೆಮೂಲೆಯಲ್ಲೂ ಲೋಟ ನೀರು ಇಡುತ್ತಿದ್ದಳು. ಮಲಗಿದ ಕೂಸನ್ನು ಎಬ್ಬಿಸಿ ಕುಡಿಸುತ್ತಿದ್ದಳು. ಈಗ ಪಟ್ಟಣದಲ್ಲಿರುವ ಆ ಮಗಳು ಇಂದಿಗೂ ಫೋನಿನಲ್ಲಿ, “ಹೂಂ ಅಮ್ಮ, ಕುಡ್ದೆ, ಈಗ್ತಾನೇ ಕುಡ್ದೆ,” ಎಂದೇ ಮಾತು ಶುರು ಮಾಡುತ್ತಾಳೆ.

ಇಷ್ಟೆಲ್ಲ ಇದ್ದೂ ಆಶುರೆ ಬೇಯಿಸುವ ಕೆಲಸವನ್ನು ಅವಳು ಬಿಡಲಿಲ್ಲ. ಅದೇ ಅವಳ ಶಿಕ್ಷೆ ಎಂದುಕೊಂಡಿದ್ದಳೇನೋ. ಕುಟ್ಟಿದ ಗೋಧಿ ಬೇಯುತ್ತ ಬೇಯುತ್ತ ಗಟ್ಟಿಯಾಗಿ, ಕೊಪ್ಪರಿಗೆಯ ಒಳಗಿಂದ ಗುಳುಕ್ ಗುಳುಕ್ ಎಂದು ಗುಳ್ಳೆ ಒಡೆಯುವ ಒಂದು ಹೊತ್ತು ಬರುತ್ತದೆ. “ನೀರು ಕೇಳ್ತಿದೆ,” ಎನ್ನುತ್ತಾರೆ ಹೆಂಗಸರು, ಕುದಿಯುವ ನೀರನ್ನು ಒಂದು ಸೌಟು ಹಾಕುತ್ತಾರೆ. ಬೇರೆಯವರು ಅದನ್ನು ಸ್ವಲ್ಪ ಹೊತ್ತು ಸತಾಯಿಸಿ ಆಮೇಲೆ ನೀರು ಕೊಡುತ್ತಾರೆ. ಆಗಲೇ ಗೋಧಿಯ ಸಾರ ಬಿಡುವುದು. ಷೆಹ್ರಿಬಾನಳಿಗೆ ಸತಾಯಿಸಲು ಆಗುತ್ತಿರಲಿಲ್ಲ. ಆ ಗುಳುಕಿನಲ್ಲಿ ಒಂದು ದನಿ ಇರುತ್ತಿತ್ತು. ಅದು ಎರಡನೆಯ ಸಲ ಕೇಳುವ ಮೊದಲೇ ನೀರು ಸುರಿದುಬಿಡುತ್ತಿದ್ದಳು. ಹೀಗಾಗಿ ಅವಳ ಆಶುರೆ ಯಾವಾಗಲೂ ತೆಳು.

“ಷೆಹ್ರಿ, ಇದನ್ನ ಚಮಚದಲ್ಲಿ ತಿನ್ಬೇಕೋ, ಕೈಕಾಲು ತೊಳ್ಕೋಬೇಕೋ?” ಎಂದು ಪಕ್ಕದ ಮನೆಯ ಸಕಿನೆ ಪ್ರತಿ ವರ್ಷ ಕೇಳುತ್ತಿದ್ದಳು. ಹಾಗೆ ಕೇಳಿಯೂ ಎರಡು ಬಟ್ಟಲು ತಿನ್ನುತ್ತಿದ್ದಳು.

ಈ ವರ್ಷ ಮೊಹರಂ ಮಾಗಿಯ ಮೊದಲಿಗೆ ಬಂತು. ಎರಡು ವರ್ಷದಿಂದ ಮಳೆ ಸರಿಯಾಗಿರಲಿಲ್ಲ. ಹಿನ್ನೀರು ಎಂದೂ ಇಳಿಯದಷ್ಟು ಇಳಿದಿತ್ತು. ಮೊದಲು ಹಳೆಯ ಊರಿನ ಗೋಡೆಗಳ ಬುಡ ಕಂಡವು, ಆಮೇಲೆ ಹಿಪ್ಪುನೇರಳೆ ಮರಗಳ ಕರಿ ಬೊಡ್ಡೆಗಳು. ಉಪವಾಸದ ನಾಲ್ಕನೆಯ ದಿನ ಜಾಫೆರನನ್ನು ಮಣ್ಣು ಮಾಡಿದ ದಿಬ್ಬವೇ ಹೊರಗೆ ಬಂತು. ನಲವತ್ತೊಂದು ವರ್ಷದ ಮೇಲೆ. ಊರವರು ಗುಂಪುಗುಂಪಾಗಿ ಹೋಗಿ ನೋಡಿಕೊಂಡು ಬಂದರು. ಷೆಹ್ರಿಬಾನ್ ಅಂಗಳದ ಕಡೆಯ ಕಿಟಕಿಗೆ ಪರದೆ ಎಳೆದಳು.

ಎಂಬತ್ತೇಳು ವರ್ಷದ ಸೆನೆಮ್ ಮಗಳ ಮನೆಯಲ್ಲೇ ಇದ್ದಳು. ಅವಳೂ ನೋಡಲಿಲ್ಲ, ಅವಳಿಗೆ ಏಳುವ ಶಕ್ತಿಯಿರಲಿಲ್ಲ. ಬೇಸಿಗೆಯಿಂದಲೇ ಮೂತ್ರಪಿಂಡ ಸೊರಗಿತ್ತು. ದಿನಕ್ಕೆ ಎರಡು ಲೀಟರ್ ನೀರು ಕುಡಿಯಲೇಬೇಕು ಎಂದು ವೈದ್ಯೆ ಹೇಳಿದ್ದಳು. ಮೊಹರಂ ಹುಟ್ಟಿದ ಸಂಜೆಯಿಂದ ಸೆನೆಮ್ ಲೋಟವನ್ನು ಕೈಯಿಂದ ತಳ್ಳತೊಡಗಿದಳು. ಸಂಜೆ ನಾಲ್ಕು ಚಮಚ ಮಜ್ಜಿಗೆ, ಅಷ್ಟೇ. ಎಂಟನೆಯ ದಿನ ಚಿಕ್ಕ ವಯಸ್ಸಿನ ಆ ವೈದ್ಯೆ ಮನೆಗೇ ಬಂದು ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದಳು. ಅವಳು ಬೆನ್ನು ತಿರುಗಿಸುವಷ್ಟರಲ್ಲಿ ಮುದುಕಿ ಅದನ್ನು ಕಿತ್ತು ಹಾಕಿದಳು.

“ಅಜ್ಜಿ, ಆಸ್ಪತ್ರೆಗೆ ಹೋಗೋಣ.”

“ನನ್ನ ಹೆಣ ಎತ್ಕೊಂಡು ಹೋಗು.”

ವೈದ್ಯೆ ಹೊರಗೆ ಬಂದು ಷೆಹ್ರಿಬಾನಳಿಗೆ ಹೇಳಿದಳು: “ಇನ್ನು ಎರಡು ದಿನ ತಡೀಬಹುದು, ಅಷ್ಟೇ. ನಾಲ್ಕು ದಿನ ಇವರ ಕೈಲಿ ಆಗಲ್ಲ ಅಮ್ಮ. ಹೇಗಾದ್ರೂ ಕುಡಿಸಿ.”

ದೆದೆಯೂ ಬಂದ. ಕಾಯಿಲೆಯವರಿಗೆ ಉಪವಾಸವಿಲ್ಲ, ಹುಸೇನರೇ ಬಂದರೂ ನಿನಗೆ ನೀರು ಕುಡಿಸಿಯೇ ಹೋಗುತ್ತಿದ್ದರು ಎಂದ. ಸೆನೆಮ್ ಕಣ್ಣು ತೆರೆಯದೆ ಹೇಳಿದಳು: “ನಾಲ್ಕು ವರ್ಷದ ನನ್ನ ಮಗ ಕೇಳ್ಲಿಲ್ಲ. ಎಂಬತ್ತೇಳು ವರ್ಷದ ನಾನು ಕೇಳ್ಲಾ? ಅಲ್ಲಿ ಹೋದ್ಮೇಲೆ ಅವ್ನ ಮುಖ ಹೆಂಗೆ ನೋಡ್ಲಿ?” ದೆದೆ ಅವಳ ಕೈಗೆ ಮುತ್ತಿಟ್ಟು, ಗಡ್ಡ ಒದ್ದೆ ಮಾಡಿಕೊಂಡು ಎದ್ದು ಹೋದ. ಬಾಗಿಲ ಬಳಿ ನಿಂತಿದ್ದ ಷೆಹ್ರಿಬಾನ್ ಕೈಯಲ್ಲಿದ್ದ ಲೋಟವನ್ನು ಅಲ್ಲೇ ನೆಲಕ್ಕಿಟ್ಟಳು. ಚಿಕ್ಕ ಕೂಸೇ ತಡೆದುಕೊಂಡಿತ್ತು ಎಂಬ ಆ ಮಾತು ಒಂದು ಸಲ ಒಬ್ಬನನ್ನು ಕೊಂದಿತ್ತು, ಈಗ ಎರಡನೆಯವರ ತಲೆದಿಂಬಿನ ಹತ್ತಿರ ಕೂತಿತ್ತು.

ಉಪಾಯ ಹೇಳಿದವಳು ಸಕಿನೆ. “ಆಶುರೆ ಬಾಯಿಗೆ ಬಿದ್ರೆ ಉಪವಾಸ ಮುಗೀತು, ಅಲ್ವಾ? ಹಾಗಾದ್ರೆ ನಾಳೆನೇ ಬೇಯ್ಸು. ಹದಿಮೂರನೇ ದಿನ ಅಂತ ಹೇಳು.”

“ಅವಳಿಗೆ ದಿನ ಗೊತ್ತಿರುತ್ತೆ ಕಣೆ.”

“ಏನ್ ಗೊತ್ತಿರುತ್ತೆ? ನಿನ್ನೆ ನನ್ನ ನಮ್ಮಮ್ಮನ ಹೆಸರಿಡ್ದು ಕರೆದ್ಲು. ನಿಮ್ಮ ಎಮ್ಮೆ ಕರು ಹಾಕ್ತಾ ಅಂತ ಕೇಳಿದ್ಲು. ನಮ್ಮಮ್ಮ ಸತ್ತು ಇಪ್ಪತ್ತು ವರ್ಷ, ಎಮ್ಮೆ ಸತ್ತು ಮೂವತ್ತು.”

ಷೆಹ್ರಿಬಾನ್ ಕಿಟಕಿಯ ಕಟ್ಟೆ ನೋಡಿದಳು. ಪ್ರತಿ ವರ್ಷ ಅಮ್ಮ ಅಲ್ಲಿ ಹನ್ನೆರಡು ಇಮಾಮರ ಹೆಸರಿನಲ್ಲಿ ಹನ್ನೆರಡು ಕಡಲೆಕಾಳು ಇಟ್ಟು, ಸಂಜೆಗೊಂದರಂತೆ ತೆಗೆಯುತ್ತಿದ್ದಳು. ಈ ವರ್ಷ ಕಟ್ಟೆ ಖಾಲಿ. ಎಣಿಕೆ ಬಿಟ್ಟಿದ್ದಾಳೆ ಎಂದುಕೊಂಡಳು. ಆ ಸಂಜೆಯೇ ಗೋಧಿ, ಕಡಲೆ, ಬಿಳಿ ಬೀನ್ಸ್ ಕಾಳು ಬೇರೆ ಬೇರೆ ನೆನೆಹಾಕಿದಳು.

ಒಂಬತ್ತನೆಯ ದಿನದ ಬೆಳಗ್ಗೆ ದೊಡ್ಡ ಕೊಪ್ಪರಿಗೆ ಅಂಗಳದ ಮೂಲೆಯಲ್ಲಿ ಕವುಚಿಯೇ ಇತ್ತು. ಅವಳು ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ಸಾರು ಮಾಡುವ ಪಾತ್ರೆಯಲ್ಲಿ ಒಂದೇ ಒಂದು ಬಾಯಿಗಾಗಿ ಆಶುರೆ ಇಟ್ಟಳು. ಲವಂಗದ ಘಮ ಹೊರಗೆ ಹೋಗದಿರಲೆಂದು ಕಿಟಕಿಯ ಸಂದಿಗೆ ಬಟ್ಟೆ ತುರುಕಿದಳು. ಆಶುರೆಯನ್ನು ಕದ್ದು ಬೇಯಿಸಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಹತ್ತು ಜನ ಕೈಯಾಡಿಸಿ, ಹತ್ತು ಜನ ತಮ್ಮ ತಮ್ಮ ಬೇಡಿಕೆ ಹೇಳಿಕೊಂಡರೇ ಅದು ಆಶುರೆ. ಒಬ್ಬಳೇ ತಿರುವಿದರೆ ಬರಿಯ ಗಂಜಿ.

ಆದರೂ ಹನ್ನೆರಡು ಪದಾರ್ಥಕ್ಕೆ ಒಂದೂ ಕಡಿಮೆ ಮಾಡಲಿಲ್ಲ. ಗೋಧಿ ಬಿರಿದ ಮೇಲೆ ಬೆಂದ ಕಾಳುಗಳನ್ನು ಸೇರಿಸಿದಳು, ಒಂದು ಹಿಡಿ ಅಕ್ಕಿ ಹಾಕಿದಳು. ಮೊಹರಮ್ಮಿನಲ್ಲಿ ಚಾಕು ಮುಟ್ಟುವಂತಿಲ್ಲ. ಒಣ ಏಪ್ರಿಕಾಟನ್ನೂ ಅಂಜೂರವನ್ನೂ ಬಿಸಿನೀರಿನಲ್ಲಿ ಅದ್ದಿ, ಬೆರಳಿನಿಂದಲೇ ಹರಿದಳು. ಅಂಜೂರದ ಬೀಜಗಳು ಉಗುರಿನ ಸಂದಿಗೆ ಸೇರಿಕೊಂಡವು. ಒಣದ್ರಾಕ್ಷಿ, ಸಕ್ಕರೆ, ಲವಂಗ. ಕಡೆಗೆ ಒಣ ಹಿಪ್ಪುನೇರಳೆಯ ಡಬ್ಬಿ ತೆರೆದಳು. ಆ ಬಿಳಿಚಿದ, ಸುಕ್ಕಾದ ಹಣ್ಣನ್ನು ಅವಳು ಐವತ್ತೈದು ವರ್ಷದಿಂದ ಬಾಯಿಗೆ ಹಾಕಿರಲಿಲ್ಲ. ಪಾತ್ರೆಗೆ ಹಾಕುವಾಗಲೂ ಮುಖ ತಿರುಗಿಸುತ್ತಿದ್ದಳು. ಅಕ್ರೋಟು, ದಾಳಿಂಬೆ ಮೇಲೆ ಉದುರಿಸಲು ಬಟ್ಟಲಿನಲ್ಲಿ ಕಾದಿದ್ದವು.

ಪಾತ್ರೆ ಗಟ್ಟಿಯಾಯಿತು. ಗುಳುಕ್ ಎಂದಿತು. ಅವಳು ಬಿಸಿನೀರಿನ ಸೌಟಿಗೆ ಕೈ ಹಾಕಿದಳು.

“ಇವತ್ತು ಯಾವ ದಿನಾನೇ?”

ಸೆನೆಮ್ ಅಡುಗೆಮನೆಯ ಬಾಗಿಲು ತೆರೆದು, ಚೌಕಟ್ಟು ಹಿಡಿದು ನಿಂತಿದ್ದಳು. ಹೇಗೆ ಎದ್ದು ಬಂದಳೋ! ಬರಿಗಾಲು, ಜಾರಿದ ಬಿಳಿ ತಲೆವಸ್ತ್ರ, ಬಿರುಕು ಬಿಟ್ಟ ತುಟಿ.

“ಹದಿಮೂರು, ಅಮ್ಮ. ಉಪವಾಸ ಮುಗೀತು. ನಿನ್ನೆ ಹೇಳಿದ್ನಲ್ಲ, ಮರೆತ್ಯಾ? ಕೂತ್ಕೋ. ಬಟ್ಟಲಿಗೆ ಹಾಕ್ತೀನಿ.”

ಸೆನೆಮ್ ತಲೆವಸ್ತ್ರದ ಅಂಚಿನ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಅಂಗೈಯಲ್ಲಿ ಸುರುವಿಕೊಂಡು ಮಗಳತ್ತ ಚಾಚಿದಳು. ನಾಲ್ಕು ಕಡಲೆಕಾಳು.

“ಎಂಟು ತೆಗ್ದಿದೀನಿ. ನಾಲ್ಕಿದೆ. ನಿನ್ನ ಲೆಕ್ಕದಲ್ಲಿ ಇಮಾಮರು ಎಂಟೇ ಜನ ಆಗೋದ್ರಾ?”

ಷೆಹ್ರಿಬಾನ್ ಸೌಟನ್ನು ಬಿಟ್ಟಳು.

“ಸಾಯೋ ಮುದುಕಿ ಬಾಯಿಗೆ ಸುಳ್ಳು ಆಶುರೆ ಇಡೋಕೆ ಬಂದ್ಯಾ? ಊರೆಲ್ಲ ನಿನ್ನ ನೀರಿನ ಷೆಹ್ರಿಬಾನ್ ಅಂತಾರೆ. ನನ್ನ ಹೊಟ್ಟೇಲಿ ಹುಟ್ಟಿದೋಳಾ ನೀನು? ಅವನೂ ನನ್ನ ಹೊಟ್ಟೇಲೇ ಹುಟ್ಟಿದ್ದು.” ಅವಳು ಗೋಡೆ ಹಿಡಿದು ಹಿಂದಕ್ಕೆ ತಿರುಗಿದಳು. “ನಾಲ್ಕು ವರ್ಷದ ಕೂಸು, ಬಾಯಿಬಿಟ್ಟು ಒಂದು ಸಲ...”

“ಕೇಳಿದ್ದ, ಅಮ್ಮ.”

ಪಾತ್ರೆ ಗುಳುಕ್ ಎಂದಿತು.

“ಅವ್ನು ಕೇಳಿದ್ದ. ನಾನು ಕೊಡ್ಲಿಲ್ಲ. ಹೂಜಿ ತುಂಬ ನೀರಿತ್ತು. ಉಪವಾಸ, ಕುಡೀಬಾರ್ದು ಅಂದೆ. ನಾಚ್ಕೆ ಆಗಲ್ವಾ ಅಂದೆ. ಹಿಪ್ಪುನೇರಳೆ ತಿನ್ನಿಸ್ದೆ. ನೀನು ಬಂದು ಕೇಳ್ದಾಗ ಸುಳ್ಳು ಹೇಳ್ದೆ.” ಅರವತ್ತನಾಲ್ಕು ವರ್ಷದ ಹೆಂಗಸು ಒಂಬತ್ತು ವರ್ಷದ ದನಿಯಲ್ಲಿ ಹೇಳುತ್ತಿದ್ದಳು. “ಅವ್ನು ಉಪವಾಸ ಮಾಡ್ಲಿಲ್ಲಮ್ಮ. ನಾನು ಮಾಡಿಸ್ದೆ. ಈಗ ನೀನೂ ಹಿಂಗೇ ಹೋದ್ರೆ ಇಬ್ಬರನ್ನೂ ನಾನೇ...”

ಸೆನೆಮ್ ತಿರುಗಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಲೆಯ ಮೇಲೆ ಗೋಧಿ ಮತ್ತೆ ಕೇಳಿತು, ಮತ್ತೆ ಕೇಳಿತು. ಈ ಸಲ ಷೆಹ್ರಿಬಾನಳ ಕೈ ಏಳಲಿಲ್ಲ. ತಳ ಹಿಡಿಯುವ ವಾಸನೆ ನಿಧಾನವಾಗಿ ಏರಿತು.

“ಎಷ್ಟು ಸಲ ಕೇಳ್ದ?”

“ಎಣಿಸ್ಲಿಲ್ಲ. ಮಧ್ಯಾಹ್ನದ ತನ್ಕ.”

“ಅತ್ನಾ?”

“ಮೊದ್ಲು ಅತ್ತ. ಆಮೇಲೆ ಅಳ್ಲಿಲ್ಲ.”

ಸುಟ್ಟ ಸಕ್ಕರೆಯ ಹೊಗೆ ಇಬ್ಬರ ನಡುವೆ ಬಂದು ನಿಂತಿತು.

“ಏನಂತ ಕೇಳ್ದ?” ಸೆನೆಮ್ ಈಗ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಷೆಹ್ರಿಬಾನ್ ಹೆದರಿಕೊಂಡಿದ್ದ ಯಾವುದೂ ಇರಲಿಲ್ಲ. ಎಂಟು ದಿನದ ಉಪವಾಸದಲ್ಲೂ ಕಾಣದಿದ್ದ ಹಸಿವು ಅಲ್ಲಿತ್ತು. “ಅವ್ನ ಮಾತಲ್ಲೇ ಹೇಳು. ಅವ್ನು ಹೆಂಗಂದನೋ ಹಂಗೇ.”

ಷೆಹ್ರಿಬಾನ್ ಕಣ್ಣು ಮುಚ್ಚಿದಳು. ಆ ಮಾತನ್ನು ಅವಳು ಎಷ್ಟು ಸಾವಿರ ಸಲ ಕೇಳಿದ್ದಳು! ತನ್ನ ಬಾಯಿಂದ ಒಂದು ಸಲವೂ ಆಡಿರಲಿಲ್ಲ.

“‘ಅಕ್ಕಾ, ಬೆಕ್ಕಿನ ಗುಟುಕು. ಒಂದೇ ಒಂದು ಬೆಕ್ಕಿನ ಗುಟುಕು.’”

ಸೆನೆಮ್‌ಳ ಗಂಟಲಿನಿಂದ ಒಂದು ಸದ್ದು ಬಂತು. ಅಳುವೋ ನಗುವೋ ತಿಳಿಯದ ಸದ್ದು. “ಬೆಕ್ಕಿನ ಗುಟುಕು,” ಎಂದಳು. “ಹಾಲು ಕುಡಿಯೋಕೆ ಹಟ ಮಾಡ್ತಿದ್ದ. ಬೆಕ್ಕಿನ ಗುಟುಕು ಕುಡಿ ಸಾಕು ಅಂತ ನಾನೇ ಹೇಳ್ಕೊಟ್ಟಿದ್ದೆ. ಮರ್ತೇ ಹೋಗಿತ್ತು. ಅವ್ನ ಒಂದು ಮಾತೂ ನನ್ನ ಹತ್ರ ಉಳ್ದಿರ್ಲಿಲ್ಲ. ಐವತ್ತೈದು ವರ್ಷ ನೀನೊಬ್ಳೇ ಇಟ್ಕೊಂಡಿದ್ಯಲ್ಲೇ.”

ಅವಳು ಒಲೆಯ ಪಕ್ಕದ ಮಣೆಯ ಮೇಲೆ ಕುಸಿದು ಕೂತಳು. ಕಡಲೆಕಾಳುಗಳು ಕೈಯಿಂದ ಜಾರಿ ನೆಲದ ಮೇಲೆ ಉರುಳಿದವು. ಅವಳು ಮಗಳ ಮುಖ ನೋಡದೆ, ಗೋಡೆಯ ಕಡೆ ನೋಡುತ್ತ ಹೇಳಿದಳು:

“ಷೆಹ್ರಿ. ನೀರು.”

ಷೆಹ್ರಿಬಾನ್ ಹೂಜಿಯ ಕರಿಬಟ್ಟೆ ಎಳೆದಳು. ಅರ್ಧ ನೀರು ನೆಲಕ್ಕೆ, ಅರ್ಧ ಲೋಟಕ್ಕೆ. ಸೆನೆಮ್ ಎರಡೂ ಕೈಯಲ್ಲಿ ಲೋಟ ಹಿಡಿದು ನಿಲ್ಲಿಸದೆ ಕುಡಿದಳು. ನೀರು ಗಲ್ಲದಿಂದ ಎದೆಗೆ ಇಳಿಯಿತು. “ಇನ್ನೊಂದು,” ಎಂದಳು. ಅದನ್ನೂ ಕುಡಿದಳು. “ಇನ್ನೊಂದು.”

ಮೂರು ಲೋಟ. ಆಮೇಲೆ ಗೋಡೆ ಹಿಡಿದುಕೊಂಡು ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಸುಟ್ಟ ಪಾತ್ರೆಯನ್ನು ಷೆಹ್ರಿಬಾನ್ ಹಿತ್ತಲಿನ ಏಪ್ರಿಕಾಟ್ ಮರದ ಬುಡದಲ್ಲಿ ಗುಂಡಿ ತೋಡಿ ಖಾಲಿ ಮಾಡುತ್ತಿದ್ದಾಗ ಸಕಿನೆ ಬೇಲಿಯ ಮೇಲಿಂದ ಇಣುಕಿದಳು. “ಗುಟ್ಟಾಗಿ ಮಾಡು ಅಂದ್ರೆ ಊರಿಗೆಲ್ಲ ಹೊಗೆ ಹಾಕಿದ್ಯಲ್ಲೇ ತಾಯಿ! ಏನಾಯ್ತು?”

“ಕುಡಿದ್ಲು.”

“ನಂಬಿದ್ಲಾ?”

“ಇಲ್ಲ.”

ಸಕಿನೆ ಅವಳ ಮುಖ ನೋಡಿ, ಬೇಲಿಯಿಂದ ಹಿಂದೆ ಸರಿದಳು.

ಉಳಿದ ದಿನಗಳಲ್ಲಿ ಸೆನೆಮ್ ಮಗಳೊಡನೆ ಬೇರೇನೂ ಮಾತಾಡಲಿಲ್ಲ. ಗಂಟೆಗೊಮ್ಮೆ ಗೋಡೆಯ ಕಡೆಯಿಂದ ‘ನೀರು’ ಎನ್ನುತ್ತಿದ್ದಳು, ಷೆಹ್ರಿಬಾನ್ ಕೊಡುತ್ತಿದ್ದಳು. ಸಕಿನೆ ಒಮ್ಮೆ ಲೋಟ ತಂದಾಗ ಮುದುಕಿ ಬಾಯಿ ತೆರೆಯಲಿಲ್ಲ. “ಅವಳೇ ಕೊಡ್ಲಿ,” ಎಂದಳು. ಅದು ಕ್ಷಮೆಯೋ ಶಿಕ್ಷೆಯೋ ಷೆಹ್ರಿಬಾನಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ವೈದ್ಯೆ ಬಂದು ನಾಡಿ ಹಿಡಿದು, ಕಣ್ಣರಳಿಸಿ ಹೋದಳು.

ಹದಿಮೂರನೆಯ ದಿನ ಅಂಗಳದಲ್ಲಿ ದೊಡ್ಡ ಕೊಪ್ಪರಿಗೆ ಏರಿತು. ಹೆಂಗಸರು ಬಂದರು, ಹೂಜಿಗಳು ಬಂದವು, ಮಕ್ಕಳು ಚಮಚ ಹಿಡಿದು ಸುತ್ತ ಓಡಾಡಿದರು. ಒಬ್ಬೊಬ್ಬರಾಗಿ ಬಂದು ಉದ್ದ ಹಿಡಿಯ ಸೌಟು ಹಿಡಿದು ಮೂರು ಸುತ್ತು ತಿರುವಿ, ಮನಸ್ಸಿನಲ್ಲಿ ಬೇಡಿಕೊಂಡು ಸರಿದರು. ದೆದೆ ಎಂದಿನಂತೆ ಕರ್ಬಲಾದ ಕಥೆ ಹೇಳಿ, ಎಂದಿನಂತೆ ಕೊನೆಗೆ ಬಂದ: “ನಮ್ಮ ಊರಲ್ಲೂ ಒಂದು ಮಗು ಇತ್ತು. ನಾಲ್ಕು ವರ್ಷದ್ದು. ನೀರು ಕೇಳ್ಲಿಲ್ಲ...”

“ಅದನ್ನ ಬಿಡಿ, ದೆದೆ.”

ಸೆನೆಮ್ ಹೊಸ್ತಿಲ ಮೇಲೆ ಶಾಲು ಹೊದ್ದು ಕೂತಿದ್ದಳು. ಅವಳು ಎದ್ದು ಬಂದದ್ದನ್ನು ಯಾರೂ ನೋಡಿರಲಿಲ್ಲ.

“ನನ್ನ ಮಗ ಕೇಳಿದ್ದ. ಮಕ್ಕಳು ಅಂದ್ಮೇಲೆ ಕೇಳ್ತಾವೆ. ಕೊಡ್ಬೇಕು. ಮಕ್ಕಳಿಗೆ ಈ ಉಪವಾಸ ಇಲ್ಲ ಅಂತ ನಾವ್ಯಾರೂ ಮಕ್ಕಳ ಮುಂದೆ ಹೇಳ್ಲಿಲ್ಲ. ನಾನು ಹೇಳ್ಲಿಲ್ಲ. ಇವತ್ತು ಹೇಳಿ. ಎಲ್ಲರಿಗೂ ಕೇಳೋ ಹಂಗೆ ಹೇಳಿ.”

ಯಾರು ಕೊಡಲಿಲ್ಲ ಎಂದು ಅವಳು ಹೇಳಲಿಲ್ಲ. ಯಾರೂ ಕೇಳಲಿಲ್ಲ. ದೆದೆ ತಲೆ ತಗ್ಗಿಸಿ, ಆಮೇಲೆ ಎತ್ತಿ, ಓಡಾಡುತ್ತಿದ್ದ ಮಕ್ಕಳನ್ನು ಹತ್ತಿರ ಕರೆದ.

ಸೆನೆಮ್ ಕೊಪ್ಪರಿಗೆಯ ತನಕ ಬಂದಳು. ಸೌಟು ಹಿಡಿದಳು, ತಿರುವಲಿಲ್ಲ. ಗೋಧಿ ಗಟ್ಟಿಯಾಗಿ, ಒಳಗಿನಿಂದ ಗುಳುಕ್ ಎಂದಿತು. ಮುದುಕಿಯ ಬೆರಳುಗಳು ಹಿಡಿಯ ಮೇಲೆ ಬಿಗಿದವು. ಅವಳು ಇನ್ನಷ್ಟು ಬಾಗಿ ಕಿವಿಗೊಟ್ಟಳು. ತಲೆಯೆತ್ತಿ ನಾಲ್ಕು ದಿನದ ಮೇಲೆ ಮೊದಲ ಸಲ ಮಗಳ ಕಣ್ಣು ನೋಡಿದಳು. ಅಲ್ಲಿ ತನ್ನ ಭಯವೇ ಇರುವುದನ್ನು ಷೆಹ್ರಿಬಾನ್ ಕಂಡಳು. ಇಷ್ಟು ವರ್ಷ ಅಮ್ಮನಿಗೆ ಅದು ಬರಿಯ ಗೋಧಿಯ ಸದ್ದಾಗಿತ್ತು.

“ಯಾವಾಗ್ಲೂ ಹಿಂಗೇನಾ?” ಸೆನೆಮ್ ಪಿಸುಗುಟ್ಟಿದಳು.

“ಯಾವಾಗ್ಲೂ.”

“ಹಾಕು ನೀರು. ಬೇಗ ಹಾಕು.”

ಆ ವರ್ಷದ ಆಶುರೆಯೂ ತೆಳುವೇ ಆಯಿತು. ಸಕಿನೆ ಏನೂ ಅನ್ನಲಿಲ್ಲ.

ಮೊದಲ ಬಟ್ಟಲು ತುಂಬಿ ಷೆಹ್ರಿಬಾನ್ ಹೂಜಿಗೆ ಕೈ ಚಾಚಿದಾಗ ಸೆನೆಮ್ ತಡೆದಳು. ಒಳಗೆ ಹೋಗಿ ಕಾಫಿ ಕುಡಿಯುವ ಪುಟ್ಟ ಕಪ್ಪೊಂದನ್ನು ತಂದಳು. ಅದರಲ್ಲಿ ಎರಡು ಬೆರಳಷ್ಟು ನೀರು. “ಅವ್ನು ಕೇಳಿದ್ದು ಇಷ್ಟೇ,” ಎಂದಳು. “ಚೆಲ್ಲಬೇಡ.”

ಷೆಹ್ರಿಬಾನ್ ಹೆಂಗಸರ ಸಾಲಿಗಿಂತ ಮುಂಚೆ, ಒಬ್ಬಳೇ, ಗುಡ್ಡ ಇಳಿದಳು. ಹಿನ್ನೀರಿನ ಹಳೆಯ ಅಂಚು ದಾಟಿದಳು. ಗಂಡನ ದೋಣಿ ಓಡಾಡುತ್ತಿದ್ದ ಜಾಗದಲ್ಲಿ, ಒಡೆದ ಕೆಸರಿನ ಮೇಲೆ, ಹಿಪ್ಪುನೇರಳೆ ಬೊಡ್ಡೆಗಳ ನಡುವೆ ನಡೆದಳು. ದಿಬ್ಬದ ಮೇಲೆ ಕಲ್ಲುಗಳೆಲ್ಲ ಒಂದೇ ಬೂದು ಬಣ್ಣ. ಎಡಗಡೆಯ ಕಡೆಯದು, ಚಿಕ್ಕದು, ಜಾಫೆರನದು. ಆಶುರೆಯ ಬಟ್ಟಲನ್ನು ಅದರ ಬಳಿ ಇಟ್ಟು, ಅವಳು ಕಪ್ಪನ್ನು ಬಗ್ಗಿಸಿದಳು. ನಲವತ್ತು ವರ್ಷ ನೀರಿನಡಿ ಇದ್ದ ನೆಲ ಆ ಎರಡು ಬೆರಳು ನೀರನ್ನು ಒಂದೇ ಉಸಿರಿಗೆ ಹೀರಿಬಿಟ್ಟಿತು. ಕಲೆಯೂ ಉಳಿಯಲಿಲ್ಲ.

ಅವಳು ಮಂಡಿಯೂರಿ ಕಾದಳು. ಮೇಲೆ ಗುಡ್ಡದಲ್ಲಿ ಹೂಜಿಗಳ ಸಾಲು ಇಳಿಯುತ್ತಿತ್ತು. ಮಕ್ಕಳ ಕೂಗು ಕೇಳಿಸುತ್ತಿತ್ತು. ಇಲ್ಲಿ ಗಾಳಿಯೂ ಇರಲಿಲ್ಲ. ಆಗ ಕಲ್ಲಿನ ಬುಡದ ಬಿರುಕಿನೊಳಗೆ, ಒಣಮಣ್ಣು ಕಳಚಿತೋ ಏನೋ, ಗುಳುಕ್ ಎಂದಿತು.

ಷೆಹ್ರಿಬಾನ್ ಎದ್ದಳು. “ತರ್ತೀನಿ ಇರು,” ಎಂದಳು, ಜೋರಾಗಿಯೇ. ಖಾಲಿ ಕಪ್ಪನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ತರಲು ಗುಡ್ಡದ ಕಡೆ ನಡೆದಳು.